ನನಗಿಂತ ಮೊದಲ ಗಂಗಿ

ಮುಪ್ಪಿನಾಗ ಹೊಟ್ಟಿಕಿಚ್ಚು ಆರತೈತಿ ಅಂತಾರ. ಎಲ್ಲೀದ್ರಿ! ನಮ್ಮ ಯಜಮಾನರು ದಿನಾ ಒಂದ ಕಡ್ಡಿ ಗೀರತಾರ. ಅವರಿಗೆ ಮರವು ಹತ್ತೈತಿ, ನನಗ ಉರಿ ಹತ್ತೈತಿ.

೧. ಡಾಕ್ಟರ ಪರೀಕ್ಷಾ

ವಿಜಯಪುರದ ಡಾಕ್ಟರು ಕೇಳಿದ್ರು, “ಅಜ್ಜಾರ, ನಿಮ್ಮ ಹೆಂಡತಿ ಹೆಸರೇನ್ರಿ?”

ಇವರು ಮಾಳಗಿ ನೋಡಿದ್ರು, ನೆಲಾ ನೋಡಿದ್ರು, ನನ್ನ ನೋಡಿದ್ರು.

“ಹೋಗ್ಲಿ, ಮನ್ಯಾಗ ಎಮ್ಮಿ ಇತ್ತೇನ್ರಿ?”

“ಗಂಗಿ!” ತಟ್ಟನ ಅಂದ್ರು. “ಹಣಿ ಮ್ಯಾಲ ಬಿಳಿ ಚಿಕ್ಕಿ. ಮಮದಾಪುರದ್ದು.”

ಆ ಎಮ್ಮಿ ನನ್ನ ತವರಿಂದ ನನ್ನ ಜೋಡಿನ ಬಂದದ್ರಿ! ಸತ್ತು ಮೂವತ್ತ ವರ್ಷಾತು.

ಡಾಕ್ಟರು ತಿಳಿಸಿ ಹೇಳಿದ್ರು, “ಅಮ್ಮಾ, ಮಿದುಳಿನ ನಡುವ ಲಿಂಬಿಕ್ ಅಂತ ಒಂದ ಭಾಗ ಐತಿ. ಅದರಾಗ ಬದಾಮಿಯಷ್ಟ ಒಂದ ಗಂಟು. ಸಿಟ್ಟು, ಅಂಜಿಕಿ ಅಲ್ಲೇ ಏಳತಾವು. ನೆನಪಿನ ಕೋಣಿ ಅದರ ಬಾಜೂಕ. ಮನಸ್ಸಿಗೆ ತಟ್ಟಿದ್ದು ಗಟ್ಟಿಯಾಗಿ ಉಳಿತೈತಿ.”

“ಅಂದ್ರ ನಾ ತಟ್ಟೇ ಇಲ್ಲೇನ್ರಿ?” ಅಂದೆ.

ಡಾಕ್ಟರು ಮುಂದಿನ ಪೇಶಂಟನ್ನ ಕರದ್ರು.

೨. ಮಲ್ಲಿಗಿ

ವಾಸನಿ ಆ ಕೋಣಿಗೆ ಸೀದಾ ಹೋಗತೈತಿ ಅಂತನೂ ಡಾಕ್ಟರು ಅಂದಿದ್ರು. ಖರೇ. ಜೋರಾಪುರ ಪೇಟ್ಯಾಗ ನಮ್ಮ ಬಾಜೂ ಮನಿಯವರು ಆಕಳಿಗೆ ಹತ್ತಿಕಾಳ ನೆನಿಹಾಕಿದ್ರ ಸಾಕು, ಗಂಗಿಗೆ ಮೇವಿನ ಹೊತ್ತಾತಂತ ಇವರು “ಬಂದೆ ತಡಿ, ನನ್ನ ಬಂಗಾರಾ” ಅಂತ ಹಾಸಿಗಿ ಬಿಟ್ಟ ಏಳತಾರ. ನನಗ ಒಂದಿನಾನೂ ಬಂಗಾರ ಅಂದವರಲ್ಲ.

ನಾನೂ ಹಟಕ್ಕ ಬಿದ್ದೆ. ಮದವ್ಯಾಗ ಮುಡಿದಂಥದ ಮಲ್ಲಿಗಿ ಮುಡದು ಎದುರಿಗೆ ಕುಂತೆ. ಮೂಗ ಅರಳಿಸಿದ್ರು.

“ಮದವಿ ಮನಿ ವಾಸನಿ ಬರಾಕತ್ತೈತಿ.”

ನನ್ನ ಎದಿ ಅರಳಿತು. “ಯಾರ ಮದವಿ, ಹೇಳ್ರಿ?”

“ಯಾರದರ ಇರಲಿ ಬೇ, ಊಟಕ್ಕ ಎಬ್ಬಸು.”

೩. ಬಾಗಲದಾಗ

ಟಿಕೋಟಾದಾಗ ಮೊಮ್ಮಗನ ಮದವಿ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರ ಒಬ್ಬರು ಬರೇ ಬಾಯಿಲೆ ಹೇಳಂಗಿಲ್ಲ. ಒಡಪಿನಾಗ, ಅಂದ್ರ ಪ್ರಾಸದ ಪದದಾಗ, ಕಟ್ಟಿ ಹೇಳಬೇಕು, ಅದೂ ಹೆಣ್ಮಕ್ಕಳು ಅಡ್ಡ ನಿಂತು ಬಾಗಲಾ ಕಟ್ಟಿದಾಗ. ಹೊಸಾ ಜೋಡಿ ಹೇಳಿ ಒಳಗ ಹೋತು. ಹಿಂದ ಬಂದ ಇವರನ್ನೂ ನನ್ನ ಮಗಳು ಅಡ್ಡಗಟ್ಟಿದಳು.

“ಅಪ್ಪಾ, ಅವ್ವನ ಹೆಸರ ಹೇಳು, ಇಲ್ಲಾಂದ್ರ ಹೊರಗ ನಿಲ್ಲು.”

ಬೀಗರ ಮುಂದ ಮರತ ನಿಂತ್ರ?

ಇವರು ರುಮಾಲ ಸರಿ ಮಾಡಿಕೊಂಡ್ರು. “ಗಂಗಿ…” ಅಂದ್ರು.

ಸತ್ತೆ ಅಂದಕೊಂಡೆ.

“ಗಂಗಿ ನನ್ನ ಎಮ್ಮಿ,
ಒದ್ದಿಲ್ಲ ಒಮ್ಮಿ.
ಬಾಜೂಕ ನಿಂತಾಳ ಶಾಂತವ್ವ,
ಒದಿತಾಳ ದಿನಕ್ಕೊಮ್ಮಿ!”

ಹಂದರದ ತುಂಬ ನಗಿ. ನಾ ಮುಂಗೈ ಹಿಡದ ಕೇಳಿದೆ, “ಡಾಕ್ಟರ ಮುಂದ ಯಾಕ ಹೇಳಲಿಲ್ಲ?”

“ಬಾಗಲಾ ಕಟ್ಟಲಾರದ ಹೆಂಡತಿ ಹೆಸರ ಹೇಳತಾರೇನ ಬೇ? ಎಮ್ಮಿದಾದ್ರ ಯಾರ ಕೇಳಿದ್ರೂ ಹೇಳಬಹುದು.”

ಹೊಟ್ಟಿ ತಣ್ಣಗಾತ್ರಿ. ಆದ್ರೂ ನೋಡ್ರಿ, ಅಷ್ಟ ಮಂದ್ಯಾಗ ನನಗಿಂತ ಮೊದಲ ಎಮ್ಮಿ ಹೆಸರ ಒಳಗ ಹೋತು!