ಸುಲೈಮಾನರ ತೇಲುವ ಕಂಪ್ಯೂಟರ್

ಕಂಪ್ಯೂಟರ್ ಎಂಬುದು ಮೇಜಿನ ಮೇಲೆ ಮದುಮಗನ ಹಾಗೆ ಕೂತಿರುವ ಕಾಲ ಮುಗಿಯಿತು! ಇನ್ನು ಅದು ತೇಲಬೇಕು, ಮನೆ ತುಂಬ ಓಡಾಡಬೇಕು, ಕರೆದಲ್ಲಿಗೆ ಬರಬೇಕು! ವಿಟ್ಲ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಸುಲೈಮಾನರು ಒಂದು ಗುರುವಾರ ಬೆಳಗ್ಗೆ ಹೀಗೆಂದು ಘೋಷಿಸಿಯೇ ಬಿಟ್ಟರು. ಕಳೆದುಹೋದ ಕನ್ನಡಕವನ್ನು ಹಾರಾಡಿ ಹುಡುಕುವ ಕಂಪ್ಯೂಟರ್, ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ತೇಲುವ ಕಂಪ್ಯೂಟರ್... ಅವರ ತಲೆಯೊಳಗೆ ಆಗಲೇ ಏಳೆಂಟು ಸುತ್ತುತ್ತಿದ್ದವು.

"ಮೊದಲು ಮಿಕ್ಸಿ ಸರಿ ಮಾಡಿ," ಎಂದಳು ಹೆಂಡತಿ ಸಾಲಿಹಾ. "ಒಂದು ತಿಂಗಳಾಯ್ತು. ತೇಲುವುದು ಹಾಗಿರ್ಲಿ, ಅದು ತಿರುಗುವುದೂ ಇಲ್ಲ!"

ಸಾಲಿಹಾಳಿಗೆ ಮಿಕ್ಸಿಗಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಎರಡು ವರ್ಷದ ಹಿಂದೆ ಕೊಲ್ಲಿ ದೇಶದಲ್ಲಿ ದುಡಿಯುವ ಅವಳ ತಮ್ಮ ಅಸ್ಕರ್ ಜುಬೈಲ್‌ನಿಂದ ರಜೆಯಲ್ಲಿ ಬಂದವನು ವಿಮಾನ ಇಳಿದು ನೇರ ವಿಟ್ಲಕ್ಕೆ ಬಂದು, ಇವಳ ಮನೆಯಲ್ಲಿ ಉಂಡ. ಮೊದಲ ಊಟ ಸಿದ್ಧಕಟ್ಟೆಯ ದೊಡ್ಡಕ್ಕ ರಾಫಿಯಾಳ ಮನೆಯಲ್ಲಾಗಬೇಕಿತ್ತು. ಕ್ರಮ ತಪ್ಪಿತು! ಮೂರು ದಿನ ಬಿಟ್ಟು ಹೋದವನಿಗೆ ಅಲ್ಲಿ ಸಿಕ್ಕಿದ್ದು ಬರೀ ಕಪ್ಪು ಚಹಾ. ಅಂದಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. "ಅವನ ಮುಖ ಇರುವ ಫೋನನ್ನು ನಾನು ಕೈಯಲ್ಲಿ ಹಿಡಿಯುವುದಿಲ್ಲ" ಎಂದು ರಾಫಿಯಾಳ ಶಪಥ. ಆ ರಾಫಿಯಾ ನಾಳೆ ಊಟಕ್ಕೆ ಬರುವವಳಿದ್ದಳು.

"ತೇಲಿ ಬಂದರೆ ಕೈಯಲ್ಲಿ ಹಿಡಿಯಬೇಕಂತ ಉಂಟಾ?" ಸುಲೈಮಾನರು ಕುಣಿದೇಬಿಟ್ಟರು. "ಶಪಥವೂ ಉಳಿಯಿತು, ತಮ್ಮನೂ ಬಂದ!"

"ಅಕ್ಕ ಇನ್ನೊಮ್ಮೆ ಸಿಟ್ಟಾದರೆ ನಾನು ನಿಮ್ಮನ್ನು ಬಿಡುವುದಿಲ್ಲ, ಮಾರಾಯ್ರೇ!"

ಕಂಪ್ಯೂಟರ್ ಎಂದರೆ ಅಂಗಡಿಯಲ್ಲಿದ್ದ ಒಂದು ಟ್ಯಾಬ್. ಮೊದಲು ಹತ್ತು ಬಲೂನು ಊದಿ ಆ ಟ್ಯಾಬ್‌ಗೆ ಕಟ್ಟಿದರು. ಸುಲೈಮಾನರಿಗೆ ತಲೆ ತಿರುಗಿತೇ ಹೊರತು ಟ್ಯಾಬ್ ಕದಲಲಿಲ್ಲ. ಆಗ ಕಣ್ಣಿಗೆ ಬಿತ್ತು ಅಟ್ಟದಲ್ಲಿದ್ದ ಹಳೆಯ ಸ್ಪ್ರಿಂಗ್ ತೊಟ್ಟಿಲು! ಚಾವಡಿಯಿಂದ ಊಟದ ಕೋಣೆಗೆ ಇಳಿಜಾರಾಗಿ ತಂತಿ ಬಿಗಿದರು. ತಂತಿಗೆ ಬಾವಿಯ ರಾಟೆ, ರಾಟೆಗೆ ಸ್ಪ್ರಿಂಗು, ಸ್ಪ್ರಿಂಗಿಗೆ ತೊಟ್ಟಿಲು, ತೊಟ್ಟಿಲಲ್ಲಿ ಟ್ಯಾಬು. ಆದರೆ ಅದು ಆರು ಕಿಲೋ ಮಗುವಿನ ಸ್ಪ್ರಿಂಗು. ಅರ್ಧ ಕಿಲೋ ಟ್ಯಾಬ್‌ಗೆ ಅದು ಬಗ್ಗೀತೇ? ಎಲ್ಲವೂ ಮೇಲೆ ಹಂಚಿನ ಮಾಡಿಗೆ ಅಂಟಿಕೊಂಡಿತು. ಸುಲೈಮಾನರು ಸೋಲುವವರಲ್ಲ. ಭಾರಕ್ಕೆಂದು ತೊಟ್ಟಿಲಿಗೆ ಸಿಪ್ಪೆ ಸಮೇತ ಎರಡು ತೆಂಗಿನಕಾಯಿ ಹಾಕಿದರು, ರಾಟೆಗೆ ಧಾರಾಳ ಎಣ್ಣೆ ಬಿಟ್ಟರು.

ಶುಕ್ರವಾರ ಜುಮಾ ನಮಾಜು ಮುಗಿಯಿತು. ಒಳಗೆ ಅಕ್ಕ ತಂಗಿ ಚಾಪೆಯ ಮೇಲೆ ಒಂದೇ ಹರಿವಾಣದ ಮುಂದೆ ಕೂತರು. ಚಿಕ್ಕಂದಿನಲ್ಲಿ ಮೂವರೂ ಹೀಗೆಯೇ ಉಣ್ಣುತ್ತಿದ್ದರು. ಹರಿವಾಣದ ಮೂರನೆಯ ಬದಿ ಖಾಲಿ ಇತ್ತು. ರಾಫಿಯಾ ಅತ್ತ ನೋಡದೆ ತುಪ್ಪದನ್ನ ಕಲಸಿದಳು.

"ಭಾವಾ, ನನಗೆ ನಿಮ್ಮ ಫ್ಯಾನ್ ಮಾತ್ರ ಕಾಣ್ತದೆ!" ಚಾವಡಿಯ ತೊಟ್ಟಿಲೊಳಗಿಂದ ವಿಡಿಯೋ ಕರೆಯಲ್ಲಿ ಅಸ್ಕರ್ ಕೂಗಿದ.

"ಗಟ್ಟಿ ಕೂತ್ಕೋ! ಹೊರಟಿತು ವಿಮಾನ!"

ಕೈಬಿಟ್ಟದ್ದೇ ತಡ, ಕಂಪ್ಯೂಟರ್ ತೇಲಲಿಲ್ಲ, ಧಾವಿಸಿತು! ಬಾಗಿಲ ದಾರಂದಕ್ಕೆ ಬಡಿದು ಒಂದು ಕಾಯಿ ಹಾರಿ, ಕೋಳಿಸಾರಿನ ಪಾತ್ರೆಯನ್ನು ಮಗುಚಿತು. ಭಾರ ಇಳಿದ ತೊಟ್ಟಿಲು ಚಂಗನೆ ಮೇಲಕ್ಕೆ ನೆಗೆಯಿತು.

"ಸಾಲಿಹಕ್ಕಾ, ನಿಮ್ಮ ಮಾಡಿನಲ್ಲಿ ಎಷ್ಟು ಜೇಡರ ಬಲೆ!"

ಅಷ್ಟರಲ್ಲಿ ತಂತಿಯ ಮೊಳೆ ಕಿತ್ತು ಬಂತು. ಟ್ಯಾಬು ತೊಟ್ಟಿಲಿನಿಂದ ಜಾರಿ ನೇರ ಹರಿವಾಣದ ಮೂರನೆಯ ಬದಿಗೆ ಬಿತ್ತು! ಗೋಡಂಬಿ ದ್ರಾಕ್ಷಿಗಳ ನಡುವೆ ಅಸ್ಕರನ ಮುಖ. ಸಾಲಿಹಾ ಕಣ್ಣು ಮುಚ್ಚಿಕೊಂಡಳು. ಎರಡು ವರ್ಷದ ಸಿಟ್ಟು ಈಗ ಇಪ್ಪತ್ತು ವರ್ಷದ್ದಾಯಿತು ಎಂದೇ ಅವಳ ಲೆಕ್ಕ.

"ದೊಡ್ಡಕ್ಕಾ..." ಅನ್ನದೊಳಗಿಂದ ಸಣ್ಣ ದನಿ ಬಂತು. "ನನಗೂ ಒಂದು ತುತ್ತು ಉಂಟಾ?"

ರಾಫಿಯಾ ತಟ್ಟನೆ ಮುಂದಕ್ಕೆ ಬಾಗಿದಳು. ಶಪಥ ಎಲ್ಲಿಗೆ ಹೋಯಿತೋ! ಎರಡೂ ಕೈಯಲ್ಲಿ ಟ್ಯಾಬ್ ಎತ್ತಿ, ಸೆರಗಿನಿಂದ ತಮ್ಮನ ಮುಖದ ತುಪ್ಪ ಒರೆಸಿದಳು. "ಎಷ್ಟು ಸೊರಗಿದ್ದಿ ಮಾರಾಯ! ಅಲ್ಲಿ ಏನೂ ತಿನ್ನುವುದಿಲ್ವಾ?"

ಸಾಲಿಹಾ ಅಳುತ್ತ ನಕ್ಕಳು. ಸುಲೈಮಾನರು ಎದೆಯುಬ್ಬಿಸಿ ಬಂದರು. "ನೋಡಿದ್ರಾ ನನ್ನ ಕಂಪ್ಯೂಟರಿನ ಮಹಿಮೆ?"

"ನೋಡಿದೆ," ಎಂದಳು ರಾಫಿಯಾ. "ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಇಡಿ ಅಂತ ಗಿರಾಕಿಗಳಿಗೆ ಹೇಳುವವರು ನೀವೇ ಅಲ್ವಾ ಭಾವ? ಬೇಯಿಸಿದ್ದರಲ್ಲಿ ಇಟ್ಟರೆ ಬೇಗ ಒಣಗ್ತದಾ?"

"ಇನ್ನು ಅದನ್ನು ಹಾರಿಸಬೇಡಿ ಭಾವಾ," ಎಂದ ಅಸ್ಕರ್. "ಬರುವ ತಿಂಗಳು ನಾನೇ ಹಾರಿ ಬರ್ತೇನೆ. ಮೊದಲ ಊಟ ಸಿದ್ಧಕಟ್ಟೆಯಲ್ಲಿ!"

ಎಲ್ಲರಿಗೂ ಖುಷಿ. ಆದರೆ ಸಾರು ನೆಲದ ಪಾಲಾಗಿತ್ತಲ್ಲ! ಸಾಲಿಹಾ ತೊಟ್ಟಿಲಲ್ಲಿ ಉಳಿದ ಕಾಯಿಯನ್ನು ತಂದು ಗಂಡನ ಕೈಗಿಟ್ಟಳು. "ಸುಲಿಯಿರಿ, ಹೆರೆಯಿರಿ. ಮಿಕ್ಸಿ ಇಲ್ಲ. ಹಿತ್ತಿಲಲ್ಲಿ ಕಡೆಯುವ ಕಲ್ಲು ಉಂಟು."

ಯುಗಪುರುಷ ಸುಲೈಮಾನರು ಬೆವರು ಸುರಿಸುತ್ತ ಮಸಾಲೆ ಕಡೆಯತೊಡಗಿದರು. ಎದುರಿಗೆ ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ಟ್ಯಾಬ್‌ನಿಂದ ಅಸ್ಕರ್ ಕಣ್ಣರಳಿಸಿ ಕೇಳಿದ:

"ಸಾಲಿಹಕ್ಕಾ, ಹೊಸ ಮಿಕ್ಸಿ ಯಾವಾಗ ತಂದದ್ದು? ಒಳ್ಳೆ ತಿರುಗ್ತದೆ!"