ಹಕ್ಕು ಕೇಳಲು ಹೋಗಿ ಬೇಡ ಎಂದು ಬಂದದ್ದು

ತಾಳ್ಮೆಯಲ್ಲಿ ನನ್ನನ್ನು ಮೀರಿಸುವ ಹೆಂಗಸು ಕೊಪ್ಪ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಭಂಡಿಗಡಿ ಹತ್ತಿರದ ಕಪ್ಪೆ ಸಂಶೋಧನಾ ಕೇಂದ್ರದಲ್ಲಿ ನಾನು ಕ್ಷೇತ್ರ ಸಹಾಯಕಿ. ಸಂಜೆಯಾದರೆ ಹಳ್ಳದ ಬದಿಯಲ್ಲಿ ಕೊಡೆ ಹಿಡಿದು ಕೂತು, ಕಪ್ಪೆ ಬಾಯಿ ಬಿಡುವವರೆಗೆ ಕಾಯುವುದು ನನ್ನ ಉದ್ಯೋಗ. ಈಯಮ್ಮ ಏಳುವುದಿಲ್ಲ ಎಂದು ಕಪ್ಪೆಗೂ ಗೊತ್ತು. ಕೊನೆಗೆ ಅದೇ ಸೋತು ಕೂಗುತ್ತದೆ!

ಹೀಗಿರುವಾಗ, ಅಷ್ಟು ವರ್ಷ ಒಂದು ಕಾಲೇಜಿನ ಕೈಯಲ್ಲಿದ್ದ ನಮ್ಮ ಕೇಂದ್ರವನ್ನು ಲಾಭದ ಉದ್ದೇಶವಿಲ್ಲದ ಹೊಸ ಟ್ರಸ್ಟೊಂದಕ್ಕೆ ವಹಿಸುವುದೆಂದು ತೀರ್ಮಾನವಾಯಿತು. ಬಾಗಿಲಿಗೆ ಒಂದು ನೋಟೀಸು ಅಂಟಿತು. ಗಾಜಿನ ತೊಟ್ಟಿ, ತಕ್ಕಡಿ, ಜೀಪು ಮತ್ತು ಕಪ್ಪೆಗಳು ‘ಇದ್ದ ಸ್ಥಿತಿಯಲ್ಲೇ’ ಹಸ್ತಾಂತರವಾಗುತ್ತವೆ. ಸಿಬ್ಬಂದಿ ಮಾತ್ರ ‘ಹೊಸದಾಗಿ ನೇಮಕ’ಗೊಳ್ಳುತ್ತಾರೆ.

ನಮ್ಮ ಜೀಪಿನ ಡ್ರೈವರ್ ಮಂಜಣ್ಣ ಅದನ್ನು ಗಟ್ಟಿಯಾಗಿ ಓದಿದ. “ಅಂದ್ರೆ ಎಂತ ಮಾರಾಯ್ರೆ? ಕಪ್ಪೆ ಸರ್ವೀಸು ಮುಂದುವರಿತದೆ, ನಮ್ದು ತೊಳ್ಕಂಡು ಹೋಗ್ತದೆ?”

ಅರ್ಥ ಅದೇ ಆಗಿತ್ತು. ಕೂಡಿಟ್ಟ ರಜೆ, ಹಿರಿತನ ಎಲ್ಲ ನೀರುಪಾಲು. ನಲವತ್ತು ದಾಟಿದ ನಾನು ಮತ್ತೆ ಹೊಸ ಹುಡುಗಿ! ಆದರೆ ನಿಜವಾದ ಏಟು ಬೀಳುವುದು ಶೆಟ್ಟಿಕೊಪ್ಪದ ನಾಗವೇಣಿಗೆ. ಕಪ್ಪೆಯ ಕೂಗು ರೆಕಾರ್ಡ್ ಮಾಡುವ ಅವಳು ಏಳು ತಿಂಗಳ ಬಸುರಿ. ಹೊಸ ನೇಮಕ ಎಂದಾದರೆ, ನಿನ್ನೆ ಸೇರಿದವಳಿಗೆ ಸಂಬಳದ ಹೆರಿಗೆ ರಜೆ ಎಲ್ಲಿಯದು ಎಂದು ಕೇಳುವ ಹಾಗಿತ್ತು. ಶನಿವಾರ ಹಸ್ತಾಂತರಕ್ಕೆ ಸಹಿ ಬೀಳುತ್ತದೆ. ಅಷ್ಟರೊಳಗೆ ‘ಹಳೆಯ ಷರತ್ತುಗಳೇ ಮುಂದುವರಿಯುತ್ತವೆ’ ಎಂದು ಬರೆಸಿಕೊಳ್ಳಬೇಕು.

“ಅಕ್ಕ, ನೀವೇ ಮಾತಾಡಿ. ನಿಮಗೆ ಸಿಟ್ಟು ಬರಲ್ಲ,” ಎಂದಳು ನಾಗವೇಣಿ. ಸರ್ವಾನುಮತದಿಂದ ನಾನು ಕಾರ್ಮಿಕ ನಾಯಕಿಯಾದೆ.

ಮನೆಯಲ್ಲಿ ಪೂರ್ವಾಭ್ಯಾಸ ನಡೆಯಿತು. ಮಿಕ್ಸಿ ರಿಪೇರಿ ಮಾಡುವ ನಮ್ಮ ಯಜಮಾನರು ನಿರ್ದೇಶಕರ ಪಾತ್ರ ವಹಿಸಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

“ನಮ್ಮ ಸೇವೆಯ ನಿರಂತರತೆಯನ್ನು ಕಾಪಾಡತಕ್ಕದ್ದು,” ಎಂದೆ ಗಂಭೀರವಾಗಿ.

“ನೋಡುವ. ಮೊದಲು ಒಂದು ಲೋಟ ಕಾಫಿ ತಗಂಡು ಬಾ.”

“ನಿರ್ದೇಶಕರು ಹಾಗೆ ಹೇಳ್ತಾರಾ?”

“ನಾನಾಗಿದ್ರೆ ಹೇಳ್ತಿದ್ದೆ.”

ಹೋರಾಟದ ಮೊದಲ ದಿನವೇ ಆಡಳಿತ ವರ್ಗಕ್ಕೆ ಕಾಫಿ ಸಂದಾಯವಾಯಿತು.

ಮರುದಿನ ನಾನು, ಮಂಜಣ್ಣ, ನಾಗವೇಣಿ ಮೂವರೂ ಕೊಪ್ಪ ಬಸ್ ಸ್ಟ್ಯಾಂಡಿನ ಎದುರು ಟ್ರಸ್ಟಿನ ಕಚೇರಿಯಿದ್ದ ಮಹಡಿ ಹತ್ತಿದೆವು. ಟ್ರಸ್ಟಿನ ನಿರ್ದೇಶಕಿ ಪಾಟೀಲ ಮೇಡಂ ವಿಜಯಪುರದ ಕಡೆಯವರು, ಕೊಪ್ಪಕ್ಕೆ ಬಂದು ಇನ್ನೂ ವಾರವಾಗಿರಲಿಲ್ಲ. ಕಂಡೊಡನೆ ನಕ್ಕರು.

“ಬರ್ರಿ, ಬರ್ರಿ. ಕೂಡ್ರಿ.”

“ಇರ್ಲಿ ಮೇಡಂ, ಪರವಾಗಿಲ್ಲ.”

ಇಲ್ಲಿ ಒಂದು ವಿಷಯ ನಿವೇದಿಸಬೇಕು. ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ ಛೇ ಛೇ ಎನ್ನಬೇಕು. ಮೂರನೆಯ ಸಲ ಒತ್ತಾಯಕ್ಕೆ ಮಣಿದವರಂತೆ ತೆಗೆದುಕೊಳ್ಳಬೇಕು. ಮೊದಲ ಸಲವೇ ಕೈ ಚಾಚಿದವರನ್ನು ಕಂಡರೆ ಊಟ ಕಾಣದವರು ಎಂದುಕೊಳ್ಳುತ್ತಾರೆ. ಇದು ಯಾರೂ ಕಲಿಸಿದ್ದಲ್ಲ, ಬಾಯಿ ತಾನಾಗಿ ಹೇಳಿಬಿಡುತ್ತದೆ.

ಮೇಡಂ ಎರಡನೆಯ ಸಲ ಕೂರಿ ಎನ್ನಲಿಲ್ಲ. ಖಾಲಿ ಕುರ್ಚಿಗಳ ಮುಂದೆ ನಾವು ಮೂವರೂ ನಿಂತೇ ಇದ್ದೆವು, ನಾಗವೇಣಿ ಸೊಂಟ ಹಿಡಿದುಕೊಂಡು.

“ಚಾ ತರಸ್ಲೇನ್ರಿ?”

“ಬೇಡ ಮೇಡಂ, ಈಗಷ್ಟೇ ಆಯ್ತು.” ಆಗಿರಲಿಲ್ಲ!

ಚಹಾ ಬರಲಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು “ನಮ್ಮ ಸೇವೆಯ ನಿರಂತರತೆ…” ಎಂದು ಶುರು ಮಾಡಿದೆ. ಅಷ್ಟರಲ್ಲಿ ಅವರೇ ಹೇಳಿಬಿಟ್ಟರು.

“ನೋಟೀಸ್ ನೋಡೀನ್ರಿ, ಅದು ಸರಿ ಇಲ್ಲ. ಹಳೇ ಸರ್ವೀಸ್, ರಜಾ, ಈ ತಂಗೀದು ಬಾಣಂತನದ ರಜಾ, ಎಲ್ಲಾ ಹಂಗ ಮುಂದುವರಿಬೇಕಂತ ಶನಿವಾರ ಬರದು ಸೇರಸ್ತೀನಿ. ಬೇಕಲ್ರಿ ನಿಮಗ?”

ಎಂಥ ಉದಾರ ಮನಸ್ಸು! ಕೇಳುವ ಮೊದಲೇ ಕೊಡುತ್ತಿದ್ದಾರೆ! ನನ್ನ ಎದೆ ತುಂಬಿ ಬಂತು. ತುಂಬಿದ ಎದೆಯಿಂದ ಹೇಳಿದೆ.

“ಅಯ್ಯೋ, ಬೇಡ ಮೇಡಂ! ನಿಮಗ್ಯಾಕೆ ಸುಮ್ನೆ ತೊಂದ್ರೆ?”

ಮೇಡಂ ಹುಬ್ಬೇರಿಸಿದರು. “ಹೌದೇನ್ರಿ? ಮತ್ತ ನೀವಿಬ್ರೂ?”

ಮಂಜಣ್ಣ ತಲೆ ಕೆರೆದುಕೊಂಡು “ಪರವಾಗಿಲ್ಲ ಬಿಡಿ” ಎಂದ. ನಾಗವೇಣಿ ನಾಚಿ ನೆಲ ನೋಡಿದಳು.

“ಆತು ಬಿಡ್ರಿ, ನಿಮ್ಮಿಷ್ಟ,” ಎಂದು ಮೇಡಂ ಫೈಲು ಮುಚ್ಚಿದರು.

ಕೆಳಗಿಳಿದ ಮೇಲೂ ನಮಗೆ ಧೈರ್ಯವಿತ್ತು. ಇನ್ನೊಮ್ಮೆ ಕೇಳಿಯೇ ಕೇಳುತ್ತಾರೆ ಎಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಹಡಿಯತ್ತ ಮುಖ ಮಾಡಿ ಕೂತೆವು. ಶೃಂಗೇರಿ ಬಸ್ಸು ಹೋಯಿತು. ನರಸಿಂಹರಾಜಪುರದ ಬಸ್ಸೂ ಹೋಯಿತು. ಕಪ್ಪೆಯಾಗಿದ್ದರೆ ಅಷ್ಟು ಹೊತ್ತಿಗೆ ಕೂಗಿರುತ್ತಿತ್ತು.

ಕೊನೆಗೆ ಮೇಡಂ ಇಳಿದು ಬಂದರು. ನಾವು ಎದ್ದು ನಿಂತೆವು.

“ಬಸ್ ಸಿಗಲಿಲ್ಲೇನ್ರಿ? ನಾ ಆ ಕಡೀಗೇ ಹೊಂಟೀನಿ. ಬರ್ತೀರೇನು?”

“ಬೇಡ ಬೇಡ!” ಎಂದೆವು ಮೂವರೂ ಒಕ್ಕೊರಲಿನಿಂದ.

ಕಾರು ಹೋಯಿತು. ಕೊನೆಯ ಬಸ್ಸು ಆಗಲೇ ಹೋಗಿತ್ತು.

ನಾಗವೇಣಿಯ ಕಣ್ಣಲ್ಲಿ ನೀರು. “ಅಕ್ಕ, ಅವ್ರು ಇನ್ನೊಂದು ಸಲ ಕೇಳಲ್ಲ ಅನಿಸ್ತದೆ. ಕೂಸು ಹುಟ್ಟಿದ ಮೇಲೆ ನಾನೆಂತ ಮಾಡೋದು? ತೊಟ್ಟಿಲು ತಗಂಡು ಹಳ್ಳದ ಬದಿಗೆ ಬರದಾ?”

ಆಟೋ ಹಿಡಿದು ಅವಳನ್ನು ಮನೆಗೆ ಬಿಟ್ಟು ನಾನೂ ಮನೆ ಸೇರಿದೆ.

ವಿಷಯ ಕೇಳಿ ಯಜಮಾನರು ತಲೆಯ ಮೇಲೆ ಕೈ ಹೊತ್ತುಕೊಂಡರು. “ಎಂಥ ಮಾರಾಯ್ತಿ ನೀನು! ಊಟಕ್ಕೆ ಹೋದೋಳಂಗೆ ಹಕ್ಕು ಕೇಳಕ್ಕೆ ಹೋದ್ಯಾ? ಈಗಲೇ ಫೋನ್ ಮಾಡು.”

ಮಾಡಿದೆ. “ಏನ್ರಿ, ಏನಾರ ಬೇಕಿತ್ತೇನು?” ಎಂದರು ಮೇಡಂ.

“ಎಂತ ಇಲ್ಲ ಮೇಡಂ, ಊಟ ಆಯ್ತಾ ಅಂತ ಕೇಳುವ ಅಂತ ಮಾಡಿದೆ.”

ಯಜಮಾನರು ಎದ್ದು ಹೋಗಿ ಯಾರದೋ ಮಿಕ್ಸಿಯನ್ನು ಜೋರಾಗಿ ತಿರುಗಿಸಿದರು.

ಶನಿವಾರ ಬಂತು. ಕೇಂದ್ರದಲ್ಲೇ ಸಹಿ. ಕಾಲೇಜಿನವರು ಇನ್ನೂ ಬಂದಿರಲಿಲ್ಲ, ಮೇಡಂ ಬೇಗ ಬಂದು ಕೂತಿದ್ದರು. ಮನಸ್ಸು ಎಷ್ಟೇ ಕೆಟ್ಟಿದ್ದರೂ ಬಂದವರನ್ನು ಹಾಗೇ ಕೂರಿಸಲಾಗುತ್ತದೆಯೇ? ಮನೆಯಲ್ಲಿ ಕಡುಬು ಮಾಡಿ ತಂದಿದ್ದೆ.

“ಕಡುಬು ತಗೊಳ್ಳಿ ಮೇಡಂ.”

“ಬ್ಯಾಡ್ರಿ, ನಾಷ್ಟಾ ಆಗೇದ.”

ತಟ್ಟೆ ತುಂಬಾ ಬಡಿಸಿದೆ. ಕಷ್ಟಪಟ್ಟು ತಿಂದರು. “ಇನ್ನೊಂದು?” ಎಂದೆ. “ಸಾಕ್ರಿ!” ಎಂದರು. ಎರಡು ಹಾಕಿದೆ. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ಚಟ್ನಿ ಬಿಟ್ಟೆ.

“ಅಯ್ಯ ಶಿವನ! ಬ್ಯಾಡಂದ್ರ ತಿಳಿಯಂಗಿಲ್ಲೇನ್ರಿ ನಿಮಗ?” ಎಂದು ಮೇಡಂ ಎದ್ದೇ ನಿಂತರು.

ಅಲ್ಲಿಯವರೆಗೆ ಮಂಜಣ್ಣನ ಜೊತೆ ಬಾಗಿಲಲ್ಲಿ ನಿಂತಿದ್ದ ನಾಗವೇಣಿ ಒಳಗೆ ಬಂದಳು. “ಮೇಡಂ, ನಮ್ಮಲ್ಲಿ ಒಂದು ಸಲ ಬೇಡ ಅಂದ್ರೆ ಬೇಡ ಅಂತ ಅಲ್ಲ. ಮೂರು ಸಲ ಕೇಳ್ಬೇಕು. ಮೊನ್ನೆ ನೀವು ಒಂದೇ ಸಲ ಕೇಳಿದ್ರಿ.”

ಮೇಡಂ ಚಟ್ನಿಯ ಕೈಯನ್ನು ಗಾಳಿಯಲ್ಲೇ ಹಿಡಿದು ನಮ್ಮ ಮೂವರನ್ನೂ ನೋಡಿದರು. “ಅಂದ್ರ… ಆ ಸರ್ವೀಸು, ರಜಾ…?”

“ಬೇಕಿತ್ತು.”

“ಕುರ್ಚಿ?”

“ಅದೂ ಬೇಕಿತ್ತು.”

ಮೇಡಂ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೈ ತೊಳೆದು ಪೆನ್ನು ತೆಗೆದು ನನ್ನತ್ತ ತಿರುಗಿದರು. “ಹಂಗಾದ್ರ ಈಗ ಸರಿಯಾಗಿ ಹೇಳ್ರಿ ಅಕ್ಕಾರ. ಬೇಕೋ, ಬ್ಯಾಡೋ?”

ನನ್ನ ತುಟಿ ತೆರೆಯಿತು. ಏನು ಹೊರಡಲಿತ್ತೋ ದೇವರಿಗೇ ಗೊತ್ತು. ಮಂಜಣ್ಣ ಅಲ್ಲಿದ್ದ ಕಡುಬೊಂದನ್ನು ನನ್ನ ಬಾಯಿಗೆ ತುರುಕಿದ.

“ಬೇಕು!” ಎಂದು ನಾಗವೇಣಿ ಕೂಗಿದಳು.

ಎಲ್ಲವನ್ನೂ ಬರೆದು ಸೇರಿಸಿದರು. ಕಪ್ಪೆಗಳ ಹಾಗೆ ನಾವೂ ‘ಇದ್ದ ಸ್ಥಿತಿಯಲ್ಲೇ’ ಹಸ್ತಾಂತರಗೊಂಡೆವು. ನಾಗವೇಣಿ ತನ್ನ ರಜೆಯ ಸಾಲನ್ನು ಎರಡೆರಡು ಸಲ ಓದಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೊರಗಿ ಕೂತಳು.

ಹೊರಡುವಾಗ ಮೇಡಂ ಹೇಳಿದರು, “ಸಿಬ್ಬಂದಿ ಪರವಾಗಿ ಮಾತಾಡಾಕ ಕಾಯಂ ಒಬ್ರು ಪ್ರತಿನಿಧಿ ಬೇಕ್ರಿ. ಅಕ್ಕಾರ, ನೀವಾಗ್ತೀರೇನು?”

ನನಗೆ ಆಸೆಯಿತ್ತು. ತುಂಬಾ ಆಸೆಯಿತ್ತು.

“ಛೇ, ನಾನೆಲ್ಲಿ ಮೇಡಂ, ಬೇಡಪ್ಪ,” ಎಂದೆ.

ಮೇಡಂ ಈಗ ಪದ್ಧತಿ ಕಲಿತಿದ್ದರು. ಎರಡನೆಯ ಸಲ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾಗವೇಣಿಯೂ ಮಂಜಣ್ಣನೂ ಒಟ್ಟಿಗೇ ಹೇಳಿದರು:

“ಕೇಳ್ಬೇಡಿ ಮೇಡಂ! ಅಕ್ಕ ಇದನ್ನ ನಿಜವಾಗ್ಲೂ ಬೇಡ ಅಂದಿದ್ದು!”