ಹಲ್ಲಿಗೆ ಕ್ಲಿಪ್ಪು, ಬಾಯಲ್ಲಿ ‘ನೋಡೋಣ’

ಯಾವ ವಯಸ್ಸಿನಲ್ಲಿ ಯಾವ ಆಸೆ ಹುಟ್ಟಬೇಕು ಅನ್ನುವುದಕ್ಕೆ ನಮ್ಮ ಶನಿವಾರಸಂತೆ ಕಡೆ ಯಾರೂ ಬರೆದಿಡದ ಒಂದು ಕಾನೂನಿದೆ. ಐವತ್ತರ ಹತ್ತಿರ ಬಂದ ಹೆಂಗಸು ಕಾಶಿಗೆ ಹೋಗಬೇಕು ಅನ್ನಬಹುದು, ಹೊಸ ಗ್ರೈಂಡರ್ ಬೇಕು ಅನ್ನಬಹುದು, ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆ ತರಿಸಿಕೊಳ್ಳಬಹುದು. ಇದಕ್ಕೆಲ್ಲ ಮನೆಯವರೂ ನೆಂಟರೂ ತಲೆಯಾಡಿಸುತ್ತಾರೆ. ಆದರೆ ಅದೇ ಹೆಂಗಸು ‘ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ತೀನಿ’ ಅಂದರೆ ಮೊದಲು ಅವಳ ಮುಖ ನೋಡುತ್ತಾರೆ, ಆಮೇಲೆ ಪಾಪ ಅನ್ನುವಂತೆ ಅವಳ ಗಂಡನ ಮುಖ ನೋಡುತ್ತಾರೆ.

ನನ್ನ ಹಲ್ಲುಗಳ ವಿಚಾರ ಹೇಳಿಬಿಡುತ್ತೇನೆ. ಸಂತೆ ಮುಗಿದ ಮೇಲೆ ಜನ ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದವು. ಒಂದರ ಹೆಗಲ ಮೇಲೆ ಇನ್ನೊಂದು, ಎಲ್ಲಕ್ಕೂ ತಾನೇ ಮುಂದೆ ನುಗ್ಗುವ ಆತುರ. ನಾನು ಚಿಕ್ಕವಳಿದ್ದಾಗ ಅವನ್ನು ಸಾಲಿಗೆ ತರಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ತುಟಿ ಮುಚ್ಚಿಕೊಂಡೇ ನಗುವುದನ್ನು ಕಲಿತೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ಕೆಲಸಕ್ಕೆ ಅದು ಬಹಳ ಅನುಕೂಲವೇ ಆಯಿತು. ‘ಶಾರದಾ ಮೇಡಂ ನಗೋದೇ ಇಲ್ಲ ಕಣ್ರೋ’ ಅಂತ ಮಕ್ಕಳು ಮಾತಾಡಿಕೊಂಡು, ಹೆದರಿಕೊಂಡು, ಸಂಧಿ ಸಮಾಸಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಶಿಸ್ತಿನ ಟೀಚರ್ ಅಂತ ನನಗೆ ಬಂದ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನ ಕೋರೆಹಲ್ಲಿನದು.

ಒಸಡಿನಲ್ಲಿ ರಕ್ತ ಬರುತ್ತದೆ ಅಂತ ಕುಶಾಲನಗರದ ಹಲ್ಲಿನ ಡಾಕ್ಟರ ಹತ್ತಿರ ಹೋದದ್ದರಿಂದ ಎಲ್ಲ ಶುರುವಾಯಿತು. ಆಕೆ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗಿ. ಕನ್ನಡಿ ಹಿಡಿದು ಬಾಯೊಳಗೆಲ್ಲ ಇಣುಕಿ, “ಕ್ಲಿಪ್ ಹಾಕಿಸ್ಬಿಡೋಣ್ವಾ ಆಂಟಿ?” ಅಂದಳು.

“ಯಾರಿಗಮ್ಮಾ?” ಅಂತ ನಾನು ಹಿಂದಕ್ಕೆ ತಿರುಗಿ ನೋಡಿದೆ. ಕುರ್ಚಿಯ ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಹಲ್ಲುಗಳ ಸಂದಿಯಲ್ಲಿ ಬ್ರಷ್ ಹೋಗುತ್ತಿಲ್ಲ, ಹೀಗೇ ಬಿಟ್ಟರೆ ಒಸಡು ಹಾಳಾಗಿ ಹಲ್ಲು ಅಲ್ಲಾಡಲು ಶುರುವಾಗುತ್ತದೆ ಅಂತ ಆಕೆ ವಿವರಿಸಿದಳು. ಆಮೇಲೆ ಮೆಲ್ಲಗೆ, “ಅಂದಕ್ಕೆ ಅಂತ ಹೇಳ್ತಿಲ್ಲ. ಜೊತೆಗೆ ಅಂದವೂ ಬಂದ್ರೆ ಬೇಡ ಅನ್ನಬೇಡಿ, ಅಷ್ಟೇ,” ಅಂದಳು. ಊರಿಗೆ ವಾಪಸಾಗುವಾಗ ಬಸ್ಸಿನ ಕಿಟಕಿ ಗಾಜಿನಲ್ಲಿ ಯಾರೂ ನೋಡುತ್ತಿಲ್ಲ ಅಂದುಕೊಂಡು ಒಂದು ಸಲ ಪೂರ್ತಿ ಬಾಯಿ ಬಿಟ್ಟು ನಕ್ಕು ನೋಡಿದೆ. ಪಕ್ಕದ ಸೀಟಿನ ಹೆಂಗಸು ಪರಿಚಯದವರು ಅಂದುಕೊಂಡು ತಾನೂ ನಕ್ಕಳು. ಅದೇಕೋ ಅಲ್ಲಿಯೇ ಮನಸ್ಸು ಗಟ್ಟಿಯಾಯಿತು.

ನಮ್ಮ ಯಜಮಾನರಿಗೆ ಹಾರ್ಡ್‌ವೇರ್ ಅಂಗಡಿ ಇದೆ. “ಈ ವಯಸ್ಸಲ್ಲಾ?” ಅಂದರು. ಆಮೇಲೆ, “ತಂತಿ ಎಷ್ಟು ಗೇಜಿಂದಂತೆ?” ಅಂತ ಕೇಳಿದರು. ಒಪ್ಪಿಗೆ ಸಿಕ್ಕಿತು ಅಂತ ನಾನು ತಿಳಿದುಕೊಂಡೆ. ಮಗಳು ಸಹನಾ ದನದ ಡಾಕ್ಟರು, ಸೋಮವಾರಪೇಟೆ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿದ್ದಾಳೆ. “ಹಸುಗಳಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ಲ ಗೊತ್ತಾ ಅಮ್ಮಾ? ಒಂದೂ ಬೇಜಾರು ಮಾಡ್ಕೊಂಡಿದ್ದು ನಾನು ನೋಡಿಲ್ಲ. ನೀನು ಹಾಕಿಸ್ಕೋ,” ಅಂದಳು. ಮೊದಲ ವಾಕ್ಯಕ್ಕೂ ಕೊನೆಯ ವಾಕ್ಯಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಕ್ಲಿಪ್ ಹಾಕಿದ ದಿನ ತಂತಿಗೆ ಯಾವ ಬಣ್ಣದ ರಬ್ಬರ್ ಬೇಕು ಅಂತ ಕೇಳಿದರು. ಗುಲಾಬಿ, ನೀಲಿ, ಗಿಳಿಹಸಿರು ಎಲ್ಲ ಇತ್ತು. ವಯಸ್ಸಿಗೆ ತಕ್ಕ ಹಾಗೆ ಇರಲಿ ಅಂತ ಬಿಳಿ ಆರಿಸಿಕೊಂಡೆ. ಮನೆಗೆ ಬಂದರೆ ಗಟ್ಟಿಯಾದದ್ದು ಅಗಿಯಲು ಬಾರದು. ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಪಾಯಸದ ಹಾಗೆ ಕುಡಿದೆ. ಸಾರಿನ ಅರಿಶಿನವೆಲ್ಲ ರಬ್ಬರಿಗೆ ಹತ್ತಿ, ವಾರ ಕಳೆಯುವುದರೊಳಗೆ ನನ್ನ ಬಾಯಿ ಚೆಂಡುಹೂವಿನ ಹಾರ ಹಾಕಿದ ಬಾಗಿಲಿನಂತಾಯಿತು. ಇದಕ್ಕಿಂತ ದೊಡ್ಡ ಕಷ್ಟ ಸ, ಶ, ಷಗಳದ್ದು. ನಾಲಿಗೆ ಎಲ್ಲಿಟ್ಟರೂ ತಂತಿ ಸಿಕ್ಕಿ, ಕುಕ್ಕರಿನ ಹಾಗೆ ಸುಯ್ ಅನ್ನುತ್ತಿತ್ತು. ನನ್ನ ಹೆಸರನ್ನು ನಾನೇ ಹೇಳುವಂತಿರಲಿಲ್ಲ. ಷಟ್ಪದಿ ಪಾಠವನ್ನು ಮುಂದಿನ ತಿಂಗಳಿಗೆ ಹಾಕಿಕೊಂಡೆ.

ಅದೇ ಸಮಯಕ್ಕೆ ಸಹನಾಳನ್ನು ನೋಡಲು ಗಂಡಿನವರು ಬರುತ್ತೇವೆ ಅಂದರು. ನೋಡುವುದು ಅಂದರೆ ಹೆಸರಿಗೆ ಮಾತ್ರ. ಹುಡುಗ ಕಾರ್ತಿಕ, ಸೋಮವಾರಪೇಟೆ ಹತ್ತಿರ ಕಾಫಿ ತೋಟ, ಹಸುಗಳು ಇರುವ ಮನೆಯವನು. ಅವರ ಕೊಟ್ಟಿಗೆಯಲ್ಲಿ ಹಸುವೊಂದು ಕರು ಹಾಕಲು ಕಷ್ಟಪಟ್ಟಾಗ ಸಹನಾ ಹೋಗಿದ್ದಳು. ಆಮೇಲೆ ಆ ಕೊಟ್ಟಿಗೆಯ ಆರೋಗ್ಯದ ಬಗ್ಗೆ ಇಬ್ಬರಿಗೂ ವಿಪರೀತ ಕಾಳಜಿ ಬಂದುಬಿಟ್ಟಿತ್ತು. ಇನ್ನು ಹಿರಿಯರು ಕೂತು ಹೂಂ ಅನ್ನುವುದೊಂದೇ ಬಾಕಿ.

ಹೂಂ ಅನ್ನಬೇಕಾದ ನನ್ನ ಬಾಯಿಯ ಸ್ಥಿತಿ ನಿಮಗೆ ಗೊತ್ತೇ ಇದೆ. ಮೊದಲ ಸಲ ಬರುವ ಬೀಗರ ಮುಂದೆ ಹಳದಿ ಹಲ್ಲು ತೋರಿಸಿ ಸುಯ್ ಅನ್ನುವುದು ಬೇಡ, ಆದಷ್ಟು ಮಾತೇ ಆಡುವುದು ಬೇಡ ಅಂತ ತೀರ್ಮಾನಿಸಿ, ಕ್ಲಿಪ್ ವಿಷಯ ಯಾರ ಹತ್ತಿರವೂ ಎತ್ತಬೇಡಿ ಅಂತ ಯಜಮಾನರಿಗೂ ಸಹನಾಳಿಗೂ ಹೇಳಿಟ್ಟೆ. ಹುಡುಗನ ತಾಯಿ ಗಿರಿಜಮ್ಮ ಮೆಟ್ಟಿಲು ಹತ್ತುವಾಗಲೇ ನಗುತ್ತಾ ಬಂದರು. ನಾನು ತುಟಿ ಬಿಗಿದುಕೊಂಡು ಕೈಮುಗಿದೆ. ಎಲ್ಲರೂ ಚಕ್ಕುಲಿ ಮುರಿದರು, ನಾನು ಮುಟ್ಟಲಿಲ್ಲ. ಅವರು ತೋಟದ ವಿಷಯ ಹೇಳಿದರು, ಕೈ ತುಂಬ ಬರುವ ಕಾಳುಮೆಣಸಿನ ವಿಷಯ ಹೇಳಿದರು. ನಾನು ತಲೆ ಮಾತ್ರ ಆಡಿಸಿದೆ. ಕೊನೆಗೆ ಗಿರಿಜಮ್ಮನೇ ನನ್ನ ಕಡೆ ಬಾಗಿ, “ನಮ್ದು ಹಳ್ಳಿ ಮನೆ ಮೇಡಂ. ಡಾಕ್ಟ್ರು ಸೊಸೆ ಬಂದ್ರೆ ನಮಗಂತೂ ಹಬ್ಬ. ನೀವೇನಂತೀರಿ?” ಅಂತ ಕೇಳಿದರು.

‘ನಮಗೂ ಸಂತೋಷ’ ಅನ್ನಬೇಕಿತ್ತು. ಆ ಪದದ ಮೊದಲಲ್ಲಿ ಸ, ಕೊನೆಯಲ್ಲಿ ಷ. ‘ಸರಿ’ ಅನ್ನೋಣವೆಂದರೆ ಅಲ್ಲೂ ಸ. ಬರೀ ‘ಹೂಂ’ ಅಂದರೆ ಬೀಗರಿಗೆ ಮರ್ಯಾದೆಯಲ್ಲ. ಇಷ್ಟು ವರ್ಷ ಕನ್ನಡ ಕಲಿಸಿದವಳು, ಸಕಾರ ಶಕಾರ ಇಲ್ಲದ ಒಂದು ಒಪ್ಪಿಗೆಯ ಮಾತಿಗಾಗಿ ತಲೆಯೆಲ್ಲ ತಡಕಿ, ಅರ್ಧ ತುಟಿ ಬಿಚ್ಚಿ ಹೇಳಿದೆ: “ನೋಡೋಣ.”

ಗಿರಿಜಮ್ಮನ ನಗು ಅಲ್ಲಿಗೇ ನಿಂತಿತು. ಕಾಫಿ ಅರ್ಧ ಕುಡಿದು, ಇನ್ನೊಂದು ಕಡೆ ಹೋಗುವುದಿದೆ ಅಂತ ಎಲ್ಲರೂ ಎದ್ದರು.

ಮರುದಿನ ಹುಡುಗನ ತಂದೆ ನಮ್ಮ ಯಜಮಾನರಿಗೆ ಫೋನ್ ಮಾಡಿದರು. “ಮೇಡಂ ಅವರಿಗೆ ಮನಸ್ಸಿದ್ದ ಹಾಗೆ ಕಾಣಲಿಲ್ಲ. ಒಂದು ಚೂರು ಚಕ್ಕುಲೀನೂ ಬಾಯಿಗೆ ಹಾಕ್ಲಿಲ್ಲ. ಬಲವಂತದ ಸಂಬಂಧ ಬೇಡ, ಇಲ್ಲಿಗೇ ಬಿಟ್ಟುಬಿಡೋಣ,” ಅಂದರಂತೆ. ಕ್ಲಿಪ್ ವಿಷಯ ಹೇಳೋಣವೆಂದು ನಮ್ಮವರು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು, ತಿರುಗಿ ಮಾಡಿದರೆ ಎತ್ತಲಿಲ್ಲ. ಸಹನಾ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು, ಆಮೇಲೆ ಎದ್ದು ಹೋದಳು. ನನ್ನ ಮಗಳು ಊಟ ಬಿಟ್ಟು ಎದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಒಬ್ಬಳೇ ಸೋಮವಾರಪೇಟೆ ಬಸ್ಸು ಹತ್ತಿದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಕಟ್ಟಿದೆ, ಎಲ್ಲದರಲ್ಲೂ ಸಕಾರ ಬಂದು ಕೂರುತ್ತಿತ್ತು. ಗಿರಿಜಮ್ಮ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, “ಬನ್ನಿ,” ಅಂದರು. ದನಿಯಲ್ಲಿ ಮರ್ಯಾದೆ ಇತ್ತು, ಬೇರೇನೂ ಇರಲಿಲ್ಲ. ಕಟ್ಟಿದ ವಾಕ್ಯ ಒಂದೂ ನೆನಪಾಗಲಿಲ್ಲ. ಅವರ ಮುಂದೆ ನಿಂತು ಬಾಯಿ ಅಗಲಿಸಿ ಎಲ್ಲ ಹಲ್ಲನ್ನೂ ತೋರಿಸಿಬಿಟ್ಟೆ.

“ಅಯ್ಯೋ ಶಿವನೇ! ಏನ್ರೀ ಇದು?”

“ಕ್ಲಿಪ್ಪು. ನಾಚಿಕೆಯಾಗಿ ಅವತ್ತು ಬಾಯಿ ಬಿಡ್ಲಿಲ್ಲ. ಸ್ಸಂತೋಷ್ಷ ಅನ್ನೋಕೆ ಹೋಗಿ ನೋಡೋಣ ಅಂದ್ಬಿಟ್ಟೆ,” ಅಂದೆ. ಸುಯ್ ಅಂತ ಎರಡೆರಡು ಸಲ ಕೇಳಿಸಿತು.

ಗಿರಿಜಮ್ಮ ಮೆಣಸಿನ ಮೊರ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತುಬಿಟ್ಟರು. ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು, “ನೋವಾಗುತ್ತಾ?” ಅಂತ ಕೇಳಿದರು. ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಹೂಂ ಅಂದೆ. “ಎಲ್ಲಿ, ಇನ್ನೊಂದ್ಸಲ ತೋರ್ಸಿ,” ಅಂತ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಒಳಗೆ ಕೂಗಿದರು: “ರೀ, ಬನ್ನಿ ಇಲ್ಲಿ! ನಮ್ಮ ಬೀಗಿತ್ತಿ ಹಲ್ಲು ನೋಡಿ!”

ಬೀಗಿತ್ತಿ! ಅವರ ಯಜಮಾನರು ಕನ್ನಡಕ ಹುಡುಕಿಕೊಂಡು ಬರುವವರೆಗೂ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ.

ಮದುವೆ ಚೆನ್ನಾಗಿ ಆಯಿತು. ಕ್ಲಿಪ್ಪನ್ನೂ ಬಿಚ್ಚಿಸಿ ಕೆಲವು ತಿಂಗಳಾದವು. ಹಲ್ಲುಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿವೆ, ಒಸಡಿನ ರಕ್ತವೂ ನಿಂತಿದೆ. ಒಂದೇ ಒಂದು ತೊಂದರೆ. ನಮ್ಮ ಯಜಮಾನರ ಹತ್ತಿರ ಒಂದು ಹಾಸ್ಯಪ್ರಸಂಗವಿದೆ, ಮನೆಗೆ ಯಾರೇ ಬರಲಿ ಅದನ್ನು ಹೇಳಿಯೇ ತೀರುತ್ತಾರೆ. ನಮ್ಮ ಮದುವೆಯಾದಾಗಿನಿಂದ ನಾನು ಅದಕ್ಕೆ ತುಟಿ ಬಿಗಿದುಕೊಂಡು ಕಾಫಿ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಪಾಪ, ಹಲ್ಲಿನ ಸಂಕೋಚ ಅಂತ ಅವರು ತಿಳಿದಿದ್ದರು. ಈಗ ಪ್ರಸಂಗ ಮುಗಿಸಿ, ಬಂದವರನ್ನೆಲ್ಲ ಬಿಟ್ಟು, ನನ್ನ ಕಡೆ ತಿರುಗಿ ಆಸೆಯಿಂದ ಕಾಯುತ್ತಾರೆ. ಅಷ್ಟು ನೋವು ತಿಂದು, ಅಷ್ಟು ರೊಟ್ಟಿ ನೆನೆಸಿಕೊಂಡು ಕುಡಿದು, ಕೊನೆಗೆ ನನ್ನ ಸುಂದರವಾದ ಹಲ್ಲುಗಳಿಗೆ ಸಿಕ್ಕ ಕೆಲಸ ಇದು. ಬೇರೆ ದಾರಿಯಿಲ್ಲದೆ, ಎಲ್ಲ ಹಲ್ಲೂ ಕಾಣುವ ಹಾಗೆ ನಗುತ್ತೇನೆ.